ಅಡ್ಮಿರಲ್‌ರ ಪ್ರೋತ್ಸಾಹ

ನಮ್ಮ ಅಡ್ಮಿರಲ್‌ರು ಮಾಡಿರುವ ಸಮುದ್ರಯಾನವೆಂದರೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಬಂದದ್ದು. ಅದೂ ಲೈಫ್ ಜಾಕೆಟ್ ತೊಟ್ಟು, ಎರಡೂ ಕೈಯಲ್ಲಿ ದೋಣಿಯ ಕಂಬ ತಬ್ಬಿಕೊಂಡು. ಬ್ಯಾಂಕಿನ ಸಾಲ ವಿಭಾಗದಲ್ಲಿ ನಿವೃತ್ತರಾದವರು. ಅಲ್ಲಿದ್ದಷ್ಟು ಕಾಲ ಎದುರಿಗೆ ಬಂದು ಕೂತ ಒಬ್ಬನಿಗೂ ‘ಧೈರ್ಯವಾಗಿ ಮುಂದುವರಿಯಿರಿ’ ಎಂದವರಲ್ಲ. ಆ ಮಾತುಗಳೆಲ್ಲ ಖರ್ಚಾಗದೆ ಉಳಿದುಕೊಂಡಿದ್ದವೆಂದು ಕಾಣುತ್ತದೆ. ಬಸವನಗುಡಿ, ಜಯನಗರದ ಸುತ್ತಮುತ್ತ ಯಾರಾದರೂ ಒಂದು ಮಾದರಿ ಹಡಗಿನ ಕಿಟ್ ತರಿಸಿದ್ದಾರೆಂದು ಕಿವಿಗೆ ಬಿದ್ದರೆ ಸಾಕು, ಕೈಯಲ್ಲೊಂದು ಚಿಮಟ, ಜೇಬಲ್ಲೊಂದು ಜೇನುಮೇಣದ ಉಂಡೆ ಇಟ್ಟುಕೊಂಡು ಹೊರಟೇಬಿಡುತ್ತಾರೆ.

ಈ ಸಲ ಅವರ ಕೈಗೆ ಸಿಕ್ಕವನು ಒಬ್ಬ ಸಾಫ್ಟ್‌ವೇರ್ ಹುಡುಗ. ಇಟಲಿಯಿಂದ ಬಂದ ಪೆಟ್ಟಿಗೆ ಬಿಚ್ಚಿ, ನೆಲ್ಸನ್ನನ ‘ವಿಕ್ಟರಿ’ಯನ್ನು ದೀಪಾವಳಿಯೊಳಗೆ ಕಟ್ಟಿ ಮುಗಿಸುತ್ತೇನೆಂದು ಹೆಂಡತಿಗೆ ಮಾತು ಕೊಟ್ಟಿದ್ದ. ಅಡ್ಮಿರಲ್‌ರು ಬೆನ್ನು ತಟ್ಟಿದರು. “ಖಂಡಿತ ಆಗುತ್ತಪ್ಪ. ಅಸಲಿ ವಿಕ್ಟರಿಯ ಕೆಲಸ ಶುರುವಾದದ್ದು 1759ರಲ್ಲಿ, ನೀರಿಗಿಳಿದದ್ದು 1765ರಲ್ಲಿ. ಸೇವೆಗೆ ಸೇರಿದ್ದು 1778ರಲ್ಲಿ! ಅವರಿಗಾದರೆ ಕೈತುಂಬಾ ಬಡಗಿಗಳಿದ್ದರು. ನೀನು ಒಬ್ಬನೇ, ಅದೂ ಶನಿವಾರ ಭಾನುವಾರ ಮಾತ್ರ. ಏನೂ ಚಿಂತೆ ಮಾಡಬೇಡ.” ಹುಡುಗ ಚಿಂತೆ ಶುರುಮಾಡಿದ್ದು ಅವತ್ತಿನಿಂದಲೇ.

ಅವರ ಸಲಹೆಗಳು ಸುಳ್ಳಲ್ಲ, ಅದೇ ತೊಂದರೆ. ಸುಳ್ಳಾಗಿದ್ದರೆ ಬೆನ್ನಹಿಂದೆ ನಕ್ಕು ಸುಮ್ಮನಾಗಬಹುದಿತ್ತು. ಒಡಲಿಗೆ ಮರದ ಪಟ್ಟಿ ಅಂಟಿಸುವಾಗ ಒಂದೇ ಕಡೆ ಅಂಟಿಸುತ್ತಾ ಹೋದರೆ ಹಡಗಿನ ಬೆನ್ನೆಲುಬೇ ತಿರುಚಿಕೊಳ್ಳುತ್ತದೆ. ಎಡಕ್ಕೊಂದು, ಬಲಕ್ಕೊಂದು ಎಂದು ಅಂಟಿಸಬೇಕು. ಮುಂಭಾಗದ ಬಾಗಿಗೆ ಪಟ್ಟಿಯನ್ನು ನೀರಲ್ಲಿ ನೆನೆಸಿ, ಬಿಸಿ ತಾಗಿಸಿ, ನಿಧಾನವಾಗಿ ಬಗ್ಗಿಸಬೇಕು. ತುದಿಯನ್ನು ಸಣ್ಣಗೆ ಹೆರೆಯದಿದ್ದರೆ ಮೂತಿಯ ಹತ್ತಿರ ಪಟ್ಟಿಗಳು ಒಂದರ ಮೇಲೊಂದು ಹತ್ತುತ್ತವೆ. ಕೂರಿಸಿ ಸರಿಪಡಿಸಲು ಸಮಯ ಬೇಕಾದಲ್ಲಿ ಫೆವಿಕಾಲ್, ತಕ್ಷಣ ಹಿಡಿಯಬೇಕಾದಲ್ಲಿ ಫೆವಿಕ್ವಿಕ್. ಬೆರಳುಗಳೇ ಅಂಟಿಕೊಂಡರೆ ಅಸಿಟೋನ್ ಇರುವ ಉಗುರುಬಣ್ಣ ತೆಗೆಯುವ ದ್ರವ. ಇವೆಲ್ಲ ಬಂಗಾರದಂಥ ಮಾತು. ಆದರೆ ಅವರ ಒಂದೊಂದು ಸಲಹೆಯೂ ಒಂದೊಂದು ವಾರದ ಕೆಲಸವನ್ನು ಹಿಂದೆ ಕಟ್ಟಿಕೊಂಡೇ ಬರುತ್ತದೆ.

ಸಲಹೆಗಳ ಖರ್ಚು ಬೀಳುವುದು ಮನೆಯ ಹೆಂಗಸರ ಲೆಕ್ಕಕ್ಕೆ. ಅಡ್ಮಿರಲ್‌ರ ಮನೆಯಲ್ಲಿ ತಂತಿಯ ಮೇಲೆ ಬಟ್ಟೆ ಹಾರಾಡುತ್ತವೆ, ಕ್ಲಿಪ್ಪುಗಳು ಯಾವುದೋ ಹಡಗಿನ ಪಕ್ಕೆ ಕಚ್ಚಿಕೊಂಡಿರುತ್ತವೆ. ಹಾಯಿಗೆ ಹಳೆಯ ಕಳೆ ಬರಲೆಂದು ಜಗತ್ತಿನ ಹವ್ಯಾಸಿಗಳು ಬಟ್ಟೆಯನ್ನು ಚಹಾದಲ್ಲಿ ಅದ್ದುತ್ತಾರೆ. ಅಡ್ಮಿರಲ್‌ರಿಗೆ ಅದರಲ್ಲಿ ನಂಬಿಕೆಯಿಲ್ಲ. ಚಹಾದ ಒಗರು ನೂಲನ್ನು ತಿನ್ನುತ್ತದೆಂದು ವಾದ. ಹೀಗಾಗಿ ಬೆಳಗ್ಗೆ ಇಳಿಸಿಟ್ಟ ಮೊದಲ ಡಿಕಾಕ್ಷನ್ ಪೂರ್ತಿ ಹಾಯಿಗೆ ಹೋಗುತ್ತದೆ, ಎರಡನೆಯದು ನೆಂಟರಿಗೆ. ಕಾಫಿಯಲ್ಲಿ ಒಗರಿಲ್ಲವೇ ಎಂದು ಅವರನ್ನು ಯಾರೂ ಕೇಳಿದ್ದಿಲ್ಲ. ಕೇಳಿದರೆ ಇನ್ನೊಂದು ಪ್ರಯೋಗ ಶುರುವಾಗುತ್ತದೆಂಬ ಭಯ. ಅವರ ದಂತವೈದ್ಯೆಯೂ ಈ ಜಾಲಕ್ಕೆ ಬಿದ್ದಿದ್ದಾರೆ. ಹಲ್ಲು ತೋರಿಸಲು ಹೋದವರು ಹಲ್ಲು ತೋರಿಸಿಯೇ ಮೊಂಡಾದ ಕೊಕ್ಕೆ, ಬಿಟ್ಟುಗಳನ್ನೆಲ್ಲ ಸಂಪಾದಿಸಿಕೊಂಡು ಬರುತ್ತಾರೆ. ಫಿರಂಗಿಯ ಕಿಂಡಿ ಉಜ್ಜಲು ಅದಕ್ಕಿಂತ ಒಳ್ಳೆಯ ಉಪಕರಣವಿಲ್ಲ ಎನ್ನುವುದೂ ನಿಜವೇ.

ಸೋತವರನ್ನು ಕಂಡರೆ ಮಾತ್ರ ಅವರಿಗೆ ನಿಜವಾದ ಅಕ್ಕರೆ. ಹುಡುಗನ ಹಡಗು ಒಂದು ಕಡೆಗೆ ಸ್ವಲ್ಪ ವಾಲಿತು. ಅವನು ಮುಖ ಸಣ್ಣಗೆ ಮಾಡಿಕೊಂಡು ಕೂತಿದ್ದರೆ ಅಡ್ಮಿರಲ್‌ರ ಮುಖದಲ್ಲಿ ಹಬ್ಬದ ಕಳೆ. “ಇಷ್ಟಕ್ಕೇ ಬೇಜಾರೇನಯ್ಯಾ? ಸ್ವೀಡನ್ನಿನ ರಾಜ ‘ವಾಸಾ’ ಅಂತ 64 ಫಿರಂಗಿಯ ಹಡಗು ಕಟ್ಟಿಸಿದ. 1628ರಲ್ಲಿ ಸ್ಟಾಕ್‌ಹೋಮ್ ಬಂದರಿನಿಂದ ಹೊರಟು 1300 ಮೀಟರ್ ಹೋಗಿರಬೇಕು, ಗಾಳಿ ಬೀಸಿತು, ವಾಲಿತು, ತೆರೆದಿಟ್ಟ ಕಿಂಡಿಗಳಿಂದ ನೀರು ನುಗ್ಗಿ ಮುಳುಗೇಹೋಯಿತು. ಇಡೀ ಊರು ದಡದಲ್ಲಿ ನಿಂತು ನೋಡುತ್ತಿತ್ತು! ನಿನ್ನದು ಊಟದ ಮೇಜಿನ ಮೇಲೆ ವಾಲಿದೆ, ನೋಡಿರೋಳು ನಿನ್ನ ಹೆಂಡತಿ ಒಬ್ಬಳೇ. ವಾಲಿರೋ ಬದಿ ಗೋಡೆ ಕಡೆ ತಿರುಗಿಸಿಡು.” ಇಷ್ಟು ಹೇಳಿ, ಹೋಗುವಾಗ ಚಪ್ಪಲಿ ಮೆಟ್ಟುತ್ತಾ, “ಬಿಚ್ಚಿ ಮತ್ತೆ ಅಂಟಿಸಿದರೆ ಇನ್ನೂ ಒಳ್ಳೆಯದು” ಎಂದು ಸೇರಿಸಿದರು. ಅವರು ಆಡುವ ಮಾತಿನ ತಿರುಳು ಯಾವಾಗಲೂ ಚಪ್ಪಲಿ ಮೆಟ್ಟುವಾಗಲೇ ಬರುವುದು.

ಬಣ್ಣದ ಹೊತ್ತಿಗೆ ಹುಡುಗ ಸ್ವಲ್ಪ ಹುಷಾರಾಗಿದ್ದ. ಅವರಿಗೆ ಹೇಳದೆಯೇ ಹಳದಿ, ಕಪ್ಪು ಪಟ್ಟೆ ಬಳಿದು ಮುಗಿಸಿದ. ಅಡ್ಮಿರಲ್‌ರು ಕನ್ನಡಕ ಏರಿಸಿ ಕೇಳಿದ್ದು ಒಂದೇ ಪ್ರಶ್ನೆ: “ಇದು 2015ಕ್ಕೆ ಮುಂಚಿನ ಬಣ್ಣವೋ, ಆಮೇಲಿನದೋ?” ಪೋರ್ಟ್ಸ್‌ಮತ್‌ನಲ್ಲಿರುವ ಅಸಲಿ ಹಡಗಿನ ಹಳೆಯ ಬಣ್ಣದ ಪದರಗಳನ್ನು ಪರೀಕ್ಷಿಸಿ, ಟ್ರಫಾಲ್ಗರ್ ಯುದ್ಧದ ಹೊತ್ತಿಗೆ ಆ ಹಳದಿ ಇಷ್ಟು ಗಾಢವಾಗಿರಲಿಲ್ಲ, ನಸುಗೆಂಪು ಬೆರೆತ ತಿಳಿ ಬಣ್ಣವಾಗಿತ್ತೆಂದು ತೀರ್ಮಾನಿಸಿ ಆ ವರ್ಷ ಮತ್ತೆ ಬಳಿದಿದ್ದಾರೆ. ಎರಡು ಶತಮಾನದ ಹಿಂದಿನ ಹಡಗಿಗೂ ತಿದ್ದುಪಡಿ ಬರುತ್ತದೆಂಬ ಸುದ್ದಿ ಅಡ್ಮಿರಲ್‌ರಿಗೆ ಕೊಟ್ಟ ಸಂತೋಷವನ್ನು ಅವರ ಪಿಂಚಣಿ ಪರಿಷ್ಕರಣೆಯೂ ಕೊಟ್ಟಿರಲಿಕ್ಕಿಲ್ಲ.

ಆಮೇಲೆ ಹಗ್ಗಗಳ ಕಾಂಡ. ವಿಕ್ಟರಿಯ ಹಗ್ಗದ ಉದ್ದ ಸುಮಾರು 42 ಕಿಲೋಮೀಟರ್. ಹುಡುಗ ಕಟ್ಟುತ್ತಿದ್ದದ್ದು 98ರಲ್ಲಿ ಒಂದಂಶದ ಅಳತೆಯದು. ಅಡ್ಮಿರಲ್‌ರು ಅಲ್ಲೇ ಭಾಗಾಕಾರ ಮಾಡಿ, “ಬರೀ 430 ಮೀಟರ್ ದಾರ ಕಣಯ್ಯ!” ಎಂದು ಹುರಿದುಂಬಿಸಿದರು. ದಾರದ ಜುಂಗು ಕೂರಲು ಪೂರ್ತಿ ಜೇನುಮೇಣದ ಮೇಲೆ ಎಳೆಯಬೇಕು. ನಾವಿಕರು ಕೂವೆಗೆ ಹತ್ತುವ ಏಣಿಯ ಮೆಟ್ಟಿಲು ಈ ಅಳತೆಯಲ್ಲಿ ಸುಮಾರು ನಾಲ್ಕು ಮಿಲಿಮೀಟರಿಗೆ ಒಂದು. ಗೆರೆ ಎಳೆದ ರಟ್ಟನ್ನು ಹಿಂದಿಟ್ಟುಕೊಂಡು, ದಾರ ದಾರ ಸೇರುವಲ್ಲೆಲ್ಲ ಗಂಟು ಹಾಕಬೇಕು. ಅಂಟು ಹಚ್ಚಿ ಗಂಟಿನಂತೆ ತೋರಿಸಿದರೆ ಅಡ್ಮಿರಲ್‌ರಿಗೆ ಗೊತ್ತಾಗುತ್ತದೆ. ಗೊತ್ತಾದರೂ ಬೈಯುವುದಿಲ್ಲ. “ದೂರದಿಂದ ನೋಡಿದರೆ ಏನೂ ಕಾಣಲ್ಲ ಬಿಡು” ಎನ್ನುತ್ತಾರೆ. ಅದನ್ನು ಕೇಳಿಸಿಕೊಂಡವನಿಗೆ ಆ ರಾತ್ರಿ ನಿದ್ದೆ ಬರುವುದಿಲ್ಲ.

ಹಾಗಾದರೆ ಅವರದೇ ಹಡಗು? ಇದೆ. ಅಟ್ಟದ ಕೆಳಗೆ ಹಳೇ ಪಂಚೆ ಹೊದ್ದು ಕೂತಿದೆ. ಮುಂಬಯಿಯಲ್ಲಿ ವಾಡಿಯಾ ಮನೆತನದವರು ಮಲಬಾರಿನ ತೇಗದಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕೋಮಲೀ’. ಅಸಲಿಯದು ಇಂಗ್ಲೆಂಡಿನ ಹಾರ್ಟ್‌ಲ್‌ಪೂಲ್‌ನಲ್ಲಿ ಇವತ್ತಿಗೂ ತೇಲುತ್ತಿದೆ. ಅಡ್ಮಿರಲ್‌ರದಕ್ಕೆ ಇನ್ನೂ ಬಲಪಕ್ಕೆ ಮೂಡಿಲ್ಲ. ಕೇಳಿದರೆ, ತೇಗ ಇನ್ನೂ ಒಣಗಬೇಕು ಎನ್ನುತ್ತಾರೆ.

ಹುಡುಗ ಕೊನೆಗೂ ಮುಗಿಸಿದ. ದೀಪಾವಳಿಗೇ, ಆದರೆ ಬೇರೆ ದೀಪಾವಳಿಗೆ. ಸುಮಾರು ಒಂದು ಮೀಟರ್ ಉದ್ದದ ಹಡಗಿಗೆ ಜಾಗ ಮಾಡಲು ಟಿವಿ ಮಲಗುವ ಕೋಣೆಗೆ ಹೋಯಿತು. ಹವ್ಯಾಸಿಗಳೆಲ್ಲ ಊಟಕ್ಕೆ ಬಂದು ಸುತ್ತ ನಿಂತು ಚಪ್ಪಾಳೆ ತಟ್ಟಿದರು. ಅಡ್ಮಿರಲ್‌ರು ಮಾತ್ರ ಹೆಣ್ಣು ಒಪ್ಪಿಸಿಕೊಟ್ಟ ತಂದೆಯ ಹಾಗೆ ಮೂಲೆಯಲ್ಲಿ ನಿಂತು, “ಚೆನ್ನಾಗಿದೆ... ಮುಗಿಸಿಬಿಟ್ಟೆ ಅನ್ನು” ಎಂದರು. ಊಟ ಸೇರಲಿಲ್ಲ. ಹೋಳಿಗೆಯನ್ನೂ ಅರ್ಧಕ್ಕೆ ಬಿಟ್ಟರು. ಆಟೋ ಕರೆಸಿ, ಹೊರಡಲು ಎದ್ದವರು ವಾಡಿಕೆಯಂತೆ ಹಡಗಿನ ಮೇಲೆ ಒಮ್ಮೆ ಬಗ್ಗಿ ನೋಡಿದರು. ಹಿಂದಿನ ಕೂವೆಯ ಏಣಿಯಲ್ಲಿ, ಮೇಲಿನಿಂದ ಮೂರನೆಯ ಮೆಟ್ಟಿಲ ಗಂಟು ಸಡಿಲವಾಗಿತ್ತು. ಕಣ್ಣಲ್ಲಿ ಬೆಳಕು ಬಂತು.

“ಇದೊಂದು ಬಿಗಿ ಮಾಡಬೇಕಲ್ಲ ಮರಿ. ಆದರೆ ಇದನ್ನು ಬಿಗಿ ಮಾಡಿದರೆ ಪಕ್ಕದ್ದು ಜಗ್ಗುತ್ತೆ...” ಎನ್ನುತ್ತಾ ಜುಬ್ಬಾದ ಜೇಬಿನಿಂದ ಚಿಮಟ ತೆಗೆದರು.

“ರೀ, ಆಟೋ ಬಂದು ನಿಂತಿದೆ.”

“ಐದೇ ನಿಮಿಷ ಕಣೇ.”

ಅವರ ಮನೆಯವರು ಹೊರಗೆ ಹೋಗಿ ಆಟೋದವನನ್ನು ಕಳಿಸಿ ಬಂದು, ಹುಡುಗನ ಹೆಂಡತಿಗೆ ಹೇಳಿದರು: “ರಾತ್ರಿಗೆ ಇನ್ನೊಂದು ಪಾವು ಅಕ್ಕಿ ಜಾಸ್ತಿ ಇಡಮ್ಮ.”