ಶೇಕಡಾ ಕಾಕಾ

ಹಾವೇರಿ ಜಿಲ್ಲೆಯ ಯಾವ ಓಣಿಗೆ ಹೋದರೂ, ಕಂಪ್ಯೂಟರಿನಲ್ಲಿ ದೊಡ್ಡ ಫೈಲೊಂದು ಡೌನ್‌ಲೋಡ್ ಆಗುತ್ತಿದೆಯೆಂದು ತಿಳಿದೊಡನೆ ಕುರ್ಚಿ ಎಳೆದುಕೊಂಡು ಪರದೆಯ ಸಮ್ಮುಖದಲ್ಲಿ ಆಸೀನರಾಗಿ, ಏರುವ ಅಂಕಿಗಳನ್ನು ನೆರೆದವರಿಗೆ ಗಟ್ಟಿಯಾಗಿ ಓದಿ ಹೇಳುವ ಮಹನೀಯರೊಬ್ಬರು ಇದ್ದೇ ಇರುತ್ತಾರೆ. ಓಣಿಯವರು ಇವರನ್ನು ಶೇಕಡಾ ಕಾಕಾ ಎನ್ನುವುದುಂಟು. ಗಣಕಶಾಸ್ತ್ರದಲ್ಲಿ ಇವರ ಪಾಂಡಿತ್ಯ ಬ್ಯಾಡಗಿ ಮೆಣಸಿನಕಾಯಿಯ ಜಾತಿಯದು: ಬಣ್ಣ ಬಹಳ, ಖಾರ ಕಡಮೆ.

“ಯಾರೂ ಮುಟ್ಟಬ್ಯಾಡ್ರಿ, ಅರವತ್ತೆರಡಕ್ಕ ಬಂದೈತಿ!” ಎಂಬುದು ಇವರ ನಿತ್ಯದ ಆಜ್ಞೆ. ಉಳಿದ ಭಾಗವನ್ನು ಆ ಕ್ಷಣದ ವೇಗದಿಂದ ಭಾಗಿಸಿ ಯಂತ್ರವು ಕಾಲವನ್ನು ಊಹಿಸುತ್ತದೆಯಾದ್ದರಿಂದ, ನೆಟ್ ಕೊಂಚ ಮಂದವಾದರೆ ‘11 ನಿಮಿಷ’ ಇದ್ದದ್ದು ‘3 ದಿನ’ವಾಗುವುದು ಸಹಜವೇ, ಆದರೆ ಕಾಕಾ ಒಳಗೆ ಕೂಗಿ, “ಊಟಕ್ಕ ಗುರುವಾರ ಏಳ್ತೀನಿ” ಎಂದು ತಿಳಿಸಿಬಿಡುತ್ತಾರೆ.

ರಾಣೆಬೆನ್ನೂರಿನಲ್ಲಿ ನಡೆದ ಅಣ್ಣನ ಮಗನ ಮದುವೆಯ ವಿಡಿಯೋ, ಸುಮಾರು 5 ಜಿಬಿಯದು, ಹಳೆಯ ತಂತ್ರಾಂಶವೊಂದರ ಮೂಲಕ ಇಳಿಯುತ್ತಿದ್ದ ದಿನ ಇವರ ಪ್ರತಿಭೆ ಪರಾಕಾಷ್ಠೆಯನ್ನು ಮುಟ್ಟಿತು. 2 ಜಿಬಿ ದಾಟಿದೊಡನೆ ಅಂಕಿಯ ಹಿಂದೆ ಋಣಚಿಹ್ನೆಯೊಂದು ಪ್ರತ್ಯಕ್ಷವಾಯಿತು. ಪಕ್ಕದಲ್ಲಿದ್ದ ಬ್ಯಾಡಗಿಯ ಬೀಗರು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆದು ನಿವೃತ್ತರಾದವರು, ಕನ್ನಡಕ ಏರಿಸಿ, “ಮೈನಸ್ ಅಂದ್ರ ಬಾಕಿ, ಬೀಗರ. ಇಷ್ಟೊತ್ತು ಅವರು ಕೊಟ್ಟರು, ಇನ್ನ ನಾವ ಕೊಡಬೇಕು” ಎಂದು ತೀರ್ಪಿತ್ತರು. “ಮದುವಿ ತಿರುಗಿ ರಾಣೆಬೆನ್ನೂರಿಗೆ ಹೊಂಟೈತಿ!” ಎಂದು ಕಾಕಾ ವೈರು ಕೀಳಲು ಧಾವಿಸಿದರು. ಮದುಮಗನೇ ಕೈ ಹಿಡಿದು, “ಲೆಕ್ಕ ತಪ್ಪೈತಿ ಕಾಕಾ, ಮಾಲು ಸರಿ ಐತಿ” ಎಂದು ತಡೆದನು.

ಅವನು ಹೇಳಿದ್ದು ಸತ್ಯ. 32 ಬಿಟ್ಟುಗಳಲ್ಲಿ ಒಂದನ್ನು ಧನ-ಋಣದ ಗುರುತಿಗಾಗಿ ಮೀಸಲಿಟ್ಟ ಎಣಿಕೆ 214 ಕೋಟಿ 74 ಲಕ್ಷ 83 ಸಾವಿರದ 647ರವರೆಗೆ ಮಾತ್ರ ಏರಬಲ್ಲುದು. ಮುಂದಿನ ಒಂದೇ ಬೈಟಿಗೆ ಹೆಚ್ಚುಕಡಮೆ ಅಷ್ಟೇ ಆಳದ ಋಣಕ್ಕೆ ಉರುಳುತ್ತದೆ. ಫೈಲು ಮಾತ್ರ ಅದರ ಪರಿವೆಯಿಲ್ಲದೆ ಇಳಿಯುತ್ತಲೇ ಇರುತ್ತದೆ. ‘ಗಂಗ್ನಮ್ ಸ್ಟೈಲ್’ ಎಂಬ ಕೊರಿಯಾದ ಹಾಡನ್ನು ಕಂಡವರ ಸಂಖ್ಯೆ ಇದೇ ಎಲ್ಲೆಯನ್ನು ಮೀರಿದ್ದರಿಂದ ಎಣಿಕೆಯನ್ನು 64 ಬಿಟ್ಟಿಗೆ ವಿಸ್ತರಿಸಿದುದಾಗಿ ಯೂಟ್ಯೂಬಿನವರು 2014ರ ಡಿಸೆಂಬರಿನಲ್ಲಿ ಸಾರಿದರೆಂದ ಮೇಲೆ, ಹಾವೇರಿಯ ಹಳೆಯ ಕಂಪ್ಯೂಟರನ್ನು ಹಳಿಯುವುದು ನ್ಯಾಯವಲ್ಲ.

ಋಣದ ಮೊತ್ತ ಕರಗತೊಡಗಿತು. “ಸಾಲ ತೀರಾಕತ್ತೈತಿ” ಎಂದರು ಬೀಗರು. 4 ಜಿಬಿಗೆ ಸರಿಯಾಗಿ ಸೊನ್ನೆ ಕಂಡಾಗ, “ಖಾತೆ ಚುಕ್ತಾ!” ಎಂದು ತೊಡೆ ತಟ್ಟಿದರು, ಆಮೇಲೆ ಬಂದುದೆಲ್ಲ ಅವರ ಮತದಲ್ಲಿ ಶುದ್ಧ ಲಾಭ. 5 ಜಿಬಿಯೂ ಬಂದು ಮುಗಿದಾಗ ಪರದೆ 1 ಜಿಬಿಯನ್ನಷ್ಟೇ ತೋರಿಸುತ್ತಿತ್ತು. ಬೀಗರು ಅದನ್ನು ನಿವ್ವಳವೆಂದು ಒಪ್ಪಿಕೊಂಡರು.

ಒಳಗಿನಿಂದ ಬಂದ ಕಾಕೂ, “ಬಂತಲ್ಲ, ಹಚ್ಚರಿ, ಎಲ್ಲಾರೂ ಕೂತು ನೋಡೂಣು” ಎಂದರು.

“ನೋಡೂದೇನೈತಿ ಅದರಾಗ?” ಎಂದು ಕಾಕಾ ಎದ್ದು ಕುರ್ಚಿ ಸರಿಸಿದರು. “ಮದುವಿಗೆ ನಾನೂ ಬಂದಿದ್ದೆನಲ್ಲ!”