ಕೆರೆ ಏರಿಯ ಸಂವಾದ

ಮದ್ಯದ ಮೂಲವನ್ನೇ ಛೇದಿಸುವೆವೆಂದು 1939ರಲ್ಲಿ ಈಚಲುಮರಗಳನ್ನು ಕಡಿದುರುಳಿಸಿ ಸತ್ಯಾಗ್ರಹ ಹೂಡಿದ ತುರುವನೂರಿನ ಕೆರೆ ಏರಿಯ ಮೇಲೆ, ಬುಟ್ಟಿಯಲ್ಲಿ ಇನ್ನೂ ಬಾಲ ಬಡಿಯುತ್ತಿದ್ದ ಕಾಟ್ಲಾ ಮೀನೊಂದನ್ನು ಕಿವಿರು ಬಿಡಿಸಿ ನೋಡುತ್ತ ಗೌಡರು ಗಂಭೀರವಾಗಿ ವಿಚಾರಿಸಿದರು:

“ಏನಯ್ಯಾ, ಇದರೊಳಗೆ ವಿಷವಿದೆಯಂತೆ?”

“ಹತ್ತಿಗೆ ಔಷಧಿ ಹೊಡೆಸಿದವರು ತಾವು, ಗೌಡ್ರೇ; ನಾನು ಬಲೆ ಬೀಸಿದವನಷ್ಟೆ.”

“ಬೇಸಾಯಕ್ಕೆ ಡಿಡಿಟಿ 1989ರಲ್ಲೇ ನಿಷಿದ್ಧ, ಎಂಡೋಸಲ್ಫಾನನ್ನು 2011ರಲ್ಲಿ ಸುಪ್ರೀಂ ಕೋರ್ಟೇ ತಡೆಯಿತಲ್ಲ!”

“ಆ ಆಜ್ಞೆ ಕೆಸರಿಗೆ ಜಾರಿಯಾಗಿಲ್ಲ, ಸ್ವಾಮಿ. ನೀರಿನಲ್ಲಿ ಕರಗದ ಡಿಡಿಟಿ ತಳದಲ್ಲಿ ವರ್ಷಗಟ್ಟಲೆ ಕೂತು, ಹುಳುವಿನಿಂದ ಮೀನಿಗೆ, ಮೀನಿನಿಂದ ದೊಡ್ಡ ಮೀನಿಗೆ ಬಡ್ತಿ ಪಡೆಯುತ್ತದೆ.”

“ಹಾಗಾದರೆ ಚೆನ್ನಾಗಿ ತೊಳೆದು ಕೊಡು.”

“ಕೊಬ್ಬಿನೊಳಗೆ ಸೇರಿದ್ದು ತೊಳೆದರೆ ಹೋದೀತೆ?”

ಗೌಡರು ದೀರ್ಘಕಾಲ ಲೋಕಹಿತವನ್ನು ಚಿಂತಿಸಿ, ದೊಡ್ಡ ಮೀನನ್ನು ಚಿತ್ರದುರ್ಗದ ಸಂತೆಗೆ ಕಳುಹಿಸಲು ಆಜ್ಞಾಪಿಸಿ, ಸಣ್ಣದನ್ನು ತಾವೇ ಮನೆಗೆ ಒಯ್ದರು.