ರಾತ್ರಿಯ ಉಪ್ಪಿಟ್ಟಿನ ಪರವಾಗಿ ಒಂದು ವಕಾಲತ್ತು

ಅಮೆರಿಕದ ಕನ್ನಡ ಸಂಸಾರಗಳಲ್ಲಿ ಅಡುಗೆಗೆ ಹೊತ್ತಿಲ್ಲ ಎಂಬ ದೂರು ಹಳೆಯದು, ನಿಜವೂ ಹೌದು. ಗಂಡ ಹೆಂಡತಿ ಇಬ್ಬರೂ ದುಡಿದು, ಮಗನನ್ನು ಈಜಿನಿಂದಲೂ ಮಗಳನ್ನು ಭರತನಾಟ್ಯದಿಂದಲೂ ಎತ್ತಿಕೊಂಡು ಮನೆ ಸೇರುವಾಗ ಏಳು ಗಂಟೆ. ಆಮೇಲೆ ಅನ್ನ, ಹುಳಿ, ಪಲ್ಯ ಎಂದು ಹೊರಟರೆ ತಟ್ಟೆ ಹಾಕುವ ಹೊತ್ತಿಗೆ ಮಕ್ಕಳು ಸೋಫಾದ ಮೇಲೆ ಮಲಗಿರುತ್ತಾರೆ. ಹೊರಗಿನಿಂದ ತರಿಸೋಣವೆಂದರೆ, ನಾಲ್ಕು ಮಸಾಲೆದೋಸೆಗೆ ತೆರಿಗೆ, ಟಿಪ್ಸು, ಮನೆ ಬಾಗಿಲಿಗೆ ತಂದುಕೊಟ್ಟ ಶುಲ್ಕ ಎಲ್ಲ ಸೇರಿ ಎಷ್ಟೋ ವಾರದ ರವೆ, ಬೇಳೆಯ ದುಡ್ಡು ಹೋಗುತ್ತದೆ. ಹೀಗೆ ಪರದಾಡುವ ಇದೇ ಮನೆಯಲ್ಲಿ ಹದಿನೈದಿಪ್ಪತ್ತು ನಿಮಿಷಕ್ಕೆ ಆಗುವ ಅಡುಗೆಗಳು ಎಲ್ಲರಿಗೂ ಬರುತ್ತವೆ: ಉಪ್ಪಿಟ್ಟು, ಒಗ್ಗರಣೆ ಅವಲಕ್ಕಿ, ಶಾವಿಗೆ, ಚಿತ್ರಾನ್ನ. ಆದರೆ ರಾತ್ರಿ ಮಾಡುವಂತಿಲ್ಲ, ಏಕೆಂದರೆ ಅವು ತಿಂಡಿ! ಒಂದು ತಟ್ಟೆ ಉಪ್ಪಿಟ್ಟು ಮುಗಿಸಿ, ಇನ್ನೊಂದು ಸಲ ಬಡಿಸಿಕೊಂಡು, ಬೆರಳು ನೆಕ್ಕಿ, ಕೈ ತೊಳೆದು ಬಂದು “ಸರಿ, ಊಟಕ್ಕೇನು?” ಎಂದು ಕೇಳಬಲ್ಲ ಜೀವ ಕನ್ನಡದ ಗಂಡಸೊಬ್ಬನೇ ಇರಬೇಕು. ತಿಂಡಿಗೂ ಊಟಕ್ಕೂ ನಡುವೆ ಎಬ್ಬಿಸಿಕೊಂಡ ಈ ಗೋಡೆಯೇ ನಮ್ಮ ಹೊತ್ತನ್ನೂ ದುಡ್ಡನ್ನೂ ನುಂಗುತ್ತಿದೆ, ಅದನ್ನು ಕೆಡವಬೇಕು ಎಂಬುದು ನನ್ನ ವಾದ.

ಕೆಡವಲು ಶಾಸ್ತ್ರ ಅಡ್ಡ ಬರುತ್ತದೆ ಎನ್ನುವವರು ಮೊದಲು ಶಾಸ್ತ್ರವನ್ನೇ ನೋಡಲಿ. ಶನಿವಾರ ರಾತ್ರಿ ಅನ್ನ ಬಿಟ್ಟು ಫಲಾಹಾರ ಮಾಡುವ ಹಿರಿಯರು ನಮ್ಮಲ್ಲಿ ಎಷ್ಟೋ ಜನ. ಫಲಾಹಾರವೆಂದರೆ ಹಣ್ಣೆಂದು ತಿಳಿದವರು ಅವರ ತಟ್ಟೆಯಲ್ಲಿ ಉಪ್ಪಿಟ್ಟಿನ ಗುಡ್ಡೆಯನ್ನು ನೋಡಿಲ್ಲ ಅಷ್ಟೆ. ದೇವರ ಹೆಸರಿನಲ್ಲಿ ವಾರಕ್ಕೊಮ್ಮೆ ಸಲ್ಲುವುದು ಕೆಲಸದ ಹೆಸರಿನಲ್ಲಿ ವಾರಕ್ಕೆ ನಾಲ್ಕು ಸಲ ಏಕೆ ಸಲ್ಲದು? ಕುಚೇಲ ತಂದ ಅವಲಕ್ಕಿಯನ್ನು ಬಾಯಿಗೆ ಹಾಕಿಕೊಳ್ಳುವ ಮುನ್ನ ಕೃಷ್ಣ ಗಂಟೆ ಎಷ್ಟೆಂದು ಕೇಳಿದ ಹಾಗೆ ಕಾಣುವುದಿಲ್ಲ. ಮುಹೂರ್ತವೇ ಮುಖ್ಯ ಎನ್ನುವವರಿಗೆ ಭೂಗೋಳವೇ ಒಂದು ಸಮಾಧಾನ ಕೊಟ್ಟಿದೆ. ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯ ಸಂಜೆ 7 ಗಂಟೆಯೆಂದರೆ ಬೆಂಗಳೂರಿನಲ್ಲಿ ಮರುದಿನ ಬೆಳಗಿನ 7.30, ಚಳಿಗಾಲದಲ್ಲಿ ಗಡಿಯಾರ ಹಿಂದಿಟ್ಟ ಮೇಲೆ 8.30. ಫ್ರೀಮಾಂಟಿನಲ್ಲಿ ಸಂಜೆ ಉಪ್ಪಿಟ್ಟು ತಿನ್ನುವವರು ಬಸವನಗುಡಿಯ ಜೊತೆಗೇ, ಅದೇ ಗಳಿಗೆಯಲ್ಲಿ ತಿಂಡಿ ತಿನ್ನುತ್ತಿದ್ದಾರೆ, ತಪ್ಪಿದ್ದರೆ ಸೂರ್ಯನದು. ಇನ್ನು ಅಕ್ಕಿ ಸಾಲದಿದ್ದಾಗ ಏನಾಯಿತೆಂದು ನೆನೆಯಿರಿ. ಎರಡನೇ ಮಹಾಯುದ್ಧದ ಕಾಲದ ಅಕ್ಕಿಯ ಅಭಾವದಲ್ಲಿ ರವೆ ಇಡ್ಲಿಯನ್ನು ಕಂಡುಹಿಡಿದದ್ದು ತಾನೇ ಎಂದು ಬೆಂಗಳೂರಿನ ಎಂಟಿಆರ್ ಹೇಳಿಕೊಳ್ಳುತ್ತದೆ. ಅಕ್ಕಿ ಸಿಗದಾಗ ಇಡ್ಲಿಯ ನಿಯಮ ಬದಲಾಯಿತಾದರೆ, ಹೊತ್ತು ಸಿಗದಾಗ ಊಟದ ನಿಯಮ ಬದಲಾಗಬಾರದೇ? ಅಮೆರಿಕನ್ನರಂತೂ ಪ್ಯಾನ್‌ಕೇಕನ್ನು ರಾತ್ರಿ ತಿಂದು ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ. ಅವರು ಬೆಳಿಗ್ಗೆ ಹಾಲು ಸಕ್ಕರೆ ಹಾಕಿ ಗಂಜಿ ಮಾಡುವ ‘ಕ್ರೀಮ್ ಆಫ್ ವೀಟ್’ ಡಬ್ಬಿಗೆ, ರವೆ ಸಿಗದ ದಿನಗಳಲ್ಲಿ ವಲಸೆ ಬಂದ ನಮ್ಮವರು ಸಾಸಿವೆ, ಇಂಗು ತೋರಿಸಿ ಉಪ್ಪಿಟ್ಟು ಮಾಡಿಕೊಂಡರು. ಪರದೇಶದ ಗಂಜಿಯನ್ನೇ ಪಳಗಿಸಿದ ಜನ ಗಡಿಯಾರದ ಮುಳ್ಳಿಗೆ ಹೆದರುವುದು ಚೆನ್ನಾಗಿಲ್ಲ.

ಕೆಲಸ ಎಷ್ಟು ಕಡಿಮೆಯೆಂದು ಲೆಕ್ಕ ಹಾಕಿ. ಭಾನುವಾರ ಒಂದಿಷ್ಟು ರವೆ ಹುರಿದು ಡಬ್ಬಕ್ಕೆ ತುಂಬಿಟ್ಟರೆ ವಾರವಿಡೀ ಬರುತ್ತದೆ. ಒಂದು ಲೋಟ ರವೆಗೆ ಎರಡೂವರೆ ಲೋಟ ಕುದಿಯುವ ನೀರು. ಇಲ್ಲಿ ನೀರಿನಲ್ಲಿ ಜಿಪುಣತನ ಮಾಡಿದವರಿಂದಲೇ ಉಪ್ಪಿಟ್ಟಿಗೆ ಕಾಂಕ್ರೀಟ್ ಎಂಬ ಬಿರುದು ಬಂದದ್ದು. ಇಲ್ಲಿ ನೀರಿನಲ್ಲಿ ಜಿಪುಣತನ ಮಾಡಿದವರಿಂದಲೇ ಉಪ್ಪಿಟ್ಟಿಗೆ ಕಾಂಕ್ರೀಟ್ ಎಂಬ ಬಿರುದು ಬಂದದ್ದು. ಗಟ್ಟಿ ಅವಲಕ್ಕಿಯನ್ನು ತೊಳೆದು ಬಸಿದಿಟ್ಟರೆ ಈರುಳ್ಳಿ ಬಾಡುವಷ್ಟರಲ್ಲಿ ತಾನೇ ಮೆತ್ತಗಾಗುತ್ತದೆ. ಚಿತ್ರಾನ್ನಕ್ಕಂತೂ ಫ್ರಿಜ್ಜಿನಲ್ಲಿಟ್ಟ ಅನ್ನವೇ ವಾಸಿ, ಉದುರುದುರಾಗಿರುತ್ತದೆ. ಬಿಸಿ ಅನ್ನದಲ್ಲಿ ಕಲಸಿದರೆ ಮುದ್ದೆ.

ಆಕ್ಷೇಪಣೆಗಳು ಬರುತ್ತವೆ. “ಪ್ರೋಟೀನ್ ಎಲ್ಲಿ?” ಎನ್ನುವುದು ಮೊದಲನೆಯದು, ಕೈಗೆ ಹೆಜ್ಜೆ ಎಣಿಸುವ ಗಡಿಯಾರ ಕಟ್ಟಿದ ಮೇಲೆ ಈ ಪ್ರಶ್ನೆ ತಾನಾಗಿ ಬರುತ್ತದೆ. ತೂಕದ ಮಾತೇ. ರವೆ, ಅವಲಕ್ಕಿ ಎರಡೂ ಹೆಚ್ಚಾಗಿ ಪಿಷ್ಟ. ಆದರೆ ಒಂದು ಹಿಡಿ ಕಡಲೆಕಾಯಿ ಬೀಜ, ಪಕ್ಕದಲ್ಲಿ ಮೊಸರು, ನೆನೆಸಿದ ಹೆಸರುಬೇಳೆಯ ಕೋಸಂಬರಿ ಇದ್ದರೆ, ಬೇಳೆ ತಳದಲ್ಲೇ ಉಳಿಯುವ ತಿಳಿಸಾರಿಗಿಂತ ಇದೇ ಮೇಲು. ಸಕ್ಕರೆ ಕಾಯಿಲೆಯಿದ್ದವರಿಗೆ ಗೋಧಿ ನುಚ್ಚಿನ ಉಪ್ಪಿಟ್ಟಿದೆ, ಅದರಲ್ಲೂ ತರಕಾರಿಯೇ ಹೆಚ್ಚಿರಲಿ. ಎರಡನೆಯ ಆಕ್ಷೇಪಣೆ ಹೊಗೆಯ ಅಲಾರಮಿನದು: ಒಗ್ಗರಣೆ ಚಟಪಟ ಎನ್ನುತ್ತಲೇ ಅದು ಕಿರುಚುತ್ತದೆ, ಮಗ ಟವಲು ಬೀಸುತ್ತಾನೆ, ಮನೆಯೆಲ್ಲ ಕೆಮ್ಮುತ್ತದೆ. ತಪ್ಪು ಒಗ್ಗರಣೆಯದಲ್ಲ, ಸೀದ ಮೆಣಸಿನಕಾಯಿಯದು. ಕರೆಂಟಿನ ಒಲೆ ಆರಿಸಿದ ಮೇಲೂ ಕಾದೇ ಇರುತ್ತದೆ. ಆದ್ದರಿಂದ ಸಾಸಿವೆ ಸಿಡಿದು ಬೇಳೆ ಕೆಂಪಾದೊಡನೆ ಬಾಣಲೆಯನ್ನು ಪಕ್ಕಕ್ಕೆ ಸರಿಸಿ, ಆಮೇಲೆ ಬ್ಯಾಡಗಿ, ಇಂಗು, ಕರಿಬೇವು ಹಾಕಿ. ಅಲಾರಮಿನ ಬ್ಯಾಟರಿಯನ್ನು ಮಾತ್ರ ತೆಗೆಯಬೇಡಿ.

ಮೂರನೆಯದು ಎಲ್ಲಕ್ಕಿಂತ ಗಟ್ಟಿಯಾದದ್ದು, ಆರು ತಿಂಗಳ ಮಟ್ಟಿಗೆ ಊರಿಂದ ಬಂದ ಅತ್ತೆಯವರದು. “ಅಯ್ಯೋ, ರಾತ್ರಿ ಹೊತ್ತು ಮಗು ಒಂದು ತುತ್ತು ಅನ್ನ ಇಲ್ಲದೆ ಮಲಗುತ್ತಾ?” ಮಗುವಿಗೆ ನಲವತ್ತೆರಡು ವರ್ಷ, ಮನೆಸಾಲ ಎರಡಿದೆ. ಈ ವಾದಕ್ಕೆ ಎದುರು ವಾದವಿಲ್ಲ, ಬೇಕಾಗಿಯೂ ಇಲ್ಲ: ಅವರಿರುವ ಆರು ತಿಂಗಳು ಹುಳಿಯನ್ನು ಅವರೇ ಮಾಡುತ್ತಾರೆ, ಎಲ್ಲರೂ ಸುಖವಾಗಿ ಉಣ್ಣಬಹುದು. ಅವರು ವಿಮಾನ ಹತ್ತಿದ ಮೇಲೆ ಹುಳಿಯೇ ಬೇಕೆನ್ನುವ ಮಗುವಿಗೆ ತೊಗರಿಬೇಳೆಯ ಡಬ್ಬ ಎಲ್ಲಿದೆ, ಕುಕ್ಕರಿಗೆ ನೀರೆಷ್ಟು ಎಂದು ತೋರಿಸಿಕೊಡಿ. ಮಾಡಿಕೊಂಡು ಉಣ್ಣಲಿ, ಪಾತ್ರೆಯನ್ನೂ ತೊಳೆದಿಡಲಿ.